ಬಾಯಿಲ್ಲದ ತುಂಡು

ಜನವರಿ 12, ಭಾನುವಾರ

ಟ್ಯಾಂಕಿನ ನೀರು ಬದಲಿಸಿದೆ. ಉಪ್ಪು ಸರಿಯಿದೆ. ಅದರೊಳಗಿನ ಜೀವಂತ ಹವಳ ಅಳೆದೆ. ಒಂದು ವರ್ಷಕ್ಕೆ ಅಕ್ಕಿಕಾಳಿನಷ್ಟು ಬೆಳೆದಿದೆ, ಅದೇ ದೊಡ್ಡದು. ಒಂಬತ್ತು ವರ್ಷದ ಹಿಂದೆ ಅಕ್ಕ ಕೊಟ್ಟಾಗ ಉಗುರಿನಷ್ಟಿತ್ತು. ಈಗ ಅಂಗೈಯಗಲ. ಮೈಮೇಲೆ ಹನ್ನೊಂದು ಬಾಯಿ, ಅದು ತಿನ್ನುವುದು ಅವುಗಳಿಂದಲೇ.

ಸಂಜೆ ಅಕ್ಕ ತನ್ನ ಸ್ಕೂಲಿನ ಟೀಚರೊಬ್ಬರನ್ನು ಕರೆತಂದಳು. ಟ್ಯಾಂಕಿನ ಮುಂದೆ ನಿಂತು, "ಇದು ನಂದೇ. ಇವಳ ಹತ್ರ ಬಿಟ್ಟಿದೀನಿ ಅಷ್ಟೆ" ಅಂದಳು. ಅಷ್ಟೆ! ಭಾನುವಾರ ಭಾನುವಾರ ಬಕೆಟ್ ಹೊತ್ತವಳು ನಾನು. ಚಿಕ್ಕಂದಿನಲ್ಲೂ ಹೀಗೇ. ಅವಳ ಹಳೆಯ ಫ್ರಾಕು ಹಾಕಿಕೊಂಡು ನಿಂತರೆ ಬಂದವರಿಗೆಲ್ಲ, "ಅದು ನಂದು."

ಮೈ ಉರಿದುಹೋಯಿತು. ನಗುತ್ತಾ ಟೀ ಕೊಟ್ಟೆ.

ಜನವರಿ 17, ಬೆಳಿಗ್ಗೆ 7

ಅಕ್ಕನ ಫೋನ್. ಹೀಟರ್ ಕೆಟ್ಟು ಅವಳ ಟ್ಯಾಂಕಿನ ನೀರು ಕಾದುಹೋಗಿದೆ. ಎಲ್ಲ ಸತ್ತಿವೆ. ಅಳುತ್ತಿದ್ದಳು. "ಹೊಸ ನೀರು ರೆಡಿ ಮಾಡ್ತೀನಿ, ಒಂದು ತುಂಡು ಕೊಡೇ. ಅದಕ್ಕೇ ತಾನೇ ನಿನಗೆ ಕೊಟ್ಟಿದ್ದು."

ನಿಜ. ಹವಳ ಸಾಕುವವರ ರೂಢಿಯೇ ಅದು. ಕೊಟ್ಟವರದ್ದು ಸತ್ತರೆ ಪಡೆದವರು ಒಂದು ತುಂಡು ವಾಪಸ್ ಕೊಡಬೇಕು. ಆದರೆ ಇವತ್ತಾದರೂ 'ನಿನ್ನದರಲ್ಲಿ ಒಂದು ತುಂಡು' ಅನ್ನಬಹುದಿತ್ತು...

ಫೆಬ್ರವರಿ 1, ಶನಿವಾರ

ಕತ್ತರಿಸಿದೆ. ನಾನು ಕೆಲಸ ಮಾಡುವ ಡೆಂಟಲ್ ಲ್ಯಾಬಿನಿಂದ ವಜ್ರದ ಡಿಸ್ಕ್ ತಂದಿದ್ದೆ. ದಿನವಿಡೀ ಊರವರ ಕಟ್ಟಿದ ಹಲ್ಲು ಉಜ್ಜುವ ಕೈ, ನಡುಗಲಿಲ್ಲ. ಅಂಚಿನಿಂದ ತೆಗೆದೆ. ಹಸಿರು ಚೆನ್ನಾಗಿದೆ, ಅಗಲವೂ ಇದೆ. ಬಾಯಿ ಮಾತ್ರ ಇಲ್ಲ. ಬಾಯಿಲ್ಲದ ತುಂಡು ತಿನ್ನಲಾರದು. ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಕರಗಿಹೋಗುತ್ತದೆ. ಗೊತ್ತಿದ್ದೇ ಮಾಡಿದೆ.

ಕತ್ತರಿಸಿದ ಮೇಲೆ ಗಾಯ ಕೊಳೆಯದಂತೆ ಅಯೋಡಿನ್‌ನಲ್ಲಿ ಅದ್ದಬೇಕು. ಸಾಯುವ ತುಂಡಿಗೆ ಅಯೋಡಿನ್ ದಂಡ ಅಂತ ಬಾಟಲಿಯನ್ನೇ ತೆರೆಯಲಿಲ್ಲ.

ಅಕ್ಕ ಬಂದಳು. ಡಬ್ಬಿಯೊಳಗೆ ನೋಡಿದಳು, ಮುಚ್ಚಳ ಹಾಕಿದಳು. "ಬರ್ತೀನಿ" ಅಂದಳು.

ಫೆಬ್ರವರಿ 5

ಕತ್ತರಿಸಿದ ಕಡೆ ಕಂದು ಲೋಳೆ. ನನ್ನ ಹವಳಕ್ಕೇ. ಅಯ್ಯೋ, ನನ್ನದನ್ನೂ ಅದ್ದಿರಲಿಲ್ಲ! ಆ ಸಿಟ್ಟಿನಲ್ಲಿ...

ಫೆಬ್ರವರಿ 6

ಐದು ಬಾಯಿ ಉಳಿದಿವೆ.

ಫೆಬ್ರವರಿ 9, ಭಾನುವಾರ

ಉಳಿದದ್ದು ಬರೀ ಬಿಳಿ ಕಲ್ಲು. ತೊಳೆದು ಕಿಟಕಿಯಲ್ಲಿಟ್ಟೆ. ಅಕ್ವೇರಿಯಂ ಅಂಗಡಿಯವನನ್ನು ಕೇಳಿದೆ, ಇದೇ ಬಣ್ಣದ್ದು ಯಾರ ಹತ್ತಿರವಾದರೂ ಇದೆಯಾ ಅಂತ. "ಒಂದು ತುಂಡು ಕೊಡಿ ಅಂತ ಎಷ್ಟು ಸಲ ಕೇಳ್ದೆ ಮೇಡಂ, ನೀವು ಯಾರಿಗೂ ಕೊಡ್ಲೇ ಇಲ್ವಲ್ಲ" ಅಂದ.

ಒಬ್ಬರಿಗೆ ಕೊಟ್ಟಿದ್ದೇನೆ. ಹೇಗೆ ಕೊಟ್ಟಿದ್ದೇನೆ ಅಂತ ಅವನಿಗೆ ಹೇಳಲೇ?

ಸೆಪ್ಟೆಂಬರ್ 20

ಏಳು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಅಕ್ಕನ ಮನೆಗೂ ಹೋಗಿರಲಿಲ್ಲ, ಒಂದಲ್ಲ ಒಂದು ನೆಪ. ಇವತ್ತು ಅವಳೇ ಫೋನ್ ಮಾಡಿದಳು.

"ನಿಂದು ಸತ್ತುಹೋಯ್ತಂತೆ, ಅಂಗಡಿಯವನು ಹೇಳ್ದ. ನನ್ನ ಹತ್ರ ಇರೋದಕ್ಕೆ ಬಾಯಿ ಬಂದಿದೆ ಕಣೇ. ಒಂದೇ ಒಂದು. ದಿನಾ ಸಿರಿಂಜಲ್ಲಿ ಮೈಮೇಲೆಲ್ಲ ಆಹಾರ ಬಿಟ್ಟೆ."

ಕಿಟಕಿಯಲ್ಲಿದ್ದ ಬಿಳಿ ಕಲ್ಲನ್ನು ಕೈಗೆತ್ತಿಕೊಂಡೆ.

"ಡಬ್ಬಿ ಮುಚ್ಚೋವಾಗ್ಲೇ ನೋಡಿದ್ದೆ, ಬಾಯಿ ಇರ್ಲಿಲ್ಲ" ಅಂದಳು. "ನಾಳೆ ಬಾ. ಡಿಸ್ಕ್ ತಗೊಂಡು ಬಾ."

ಸೆಪ್ಟೆಂಬರ್ 21, ಮಧ್ಯಾಹ್ನ 3

ಅಕ್ಕನ ಅಡುಗೆಮನೆ ಕಟ್ಟೆಯ ಮೇಲೆ ಒದ್ದೆ ಟವೆಲ್, ಅದರ ಮೇಲೆ ಹವಳ. ಬಾಯಿ ಒಂದು ಬದಿಗಿದೆ. ಕತ್ತರಿಸಿದರೆ ಒಬ್ಬಳಿಗೆ ಬಾಯಿರುವ ತುಂಡು, ಇನ್ನೊಬ್ಬಳಿಗೆ ಇಲ್ಲದ್ದು. "ಕತ್ತರಿಸು" ಅಂದಳು. ಕತ್ತರಿಸಿದೆ. ಎರಡನ್ನೂ ಅಯೋಡಿನ್‌ಗೆ ಅವಳೇ ಅದ್ದಿದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಡಬ್ಬಿ ಮುಚ್ಚಿಯಾಗಿತ್ತು. "ನಿಂದು ತಗೋ" ಅಂದಳು. ನಿಂದು ಅಂದಳು.

ದಾರಿಯುದ್ದಕ್ಕೂ ಒಂದೇ ಆಸೆ, ಬಾಯಿಲ್ಲದ್ದನ್ನೇ ಕೊಟ್ಟಿರಲಿ. ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ, ಇಬ್ಬರೂ ಒಂದೇ ಆಗುತ್ತೇವೆ.

ಈಗ ತೆರೆದೆ. ಬಾಯಿ ಇದೆ. ಸಣ್ಣದು, ಗುಂಡುಸೂಜಿಯ ತಲೆಯಷ್ಟು. ನೀರಿಗೆ ಬಿಡಬೇಕು, ಹೊತ್ತಾಗುತ್ತಿದೆ. ಅವಳು ಸೇಡು ತೀರಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಇನ್ನು ಪ್ರತಿ ಭಾನುವಾರ ಇದರ ಮುಂದೆ ನಾನು—