ಒಂದು ಸಿಲಿಂಡರಿನ ಪಟ್ಟಿ

10-2-1984, ಶುಕ್ರವಾರ, ಕುಣಿಗಲ್

ಸಿಲಿಂಡರು ಬಿಗಿಯಲು ಕಬ್ಬಿಣದ್ದೋ, ಚರ್ಮದ್ದೋ, ಇನ್ನೂ ತೀರ್ಮಾನವಾಗಿಲ್ಲ. ನೌಕಾಪಡೆಯಿಂದ ನಿವೃತ್ತನಾಗಿ ಬಂದ ತಮ್ಮ ರೇವಣ್ಣನ ಹತ್ತಿರ ನೀರಿನಡಿ ಮುಳುಗುವ ಸಾಮಾನಿದೆ. ಬೆನ್ನಿಗೆ ಕಟ್ಟುವ ಹಲಗೆ ಎರಡು ಗಾಳಿ ಸಿಲಿಂಡರಿಗೆ ಮಾಡಿದ್ದು. ನಾನು ಒಂದನ್ನೇ ಹೊರಬಲ್ಲೆ. ಆ ಒಂದನ್ನು ಹಲಗೆಗೆ ಕೂರಿಸಲು ಅವನು ಕಬ್ಬಿಣದ ಅಡಾಪ್ಟರು ಮಾಡಿಸಿಟ್ಟಿದ್ದಾನೆ.

"ಅಕ್ಕಾ, ಬಾವೀಲಿ ಕಲೀವಾಗ ನೀನು ಉಸಿರು ಬಿಗಿಹಿಡಿದಿದ್ದು ನೋಡ್ದೆ. ನೀರಡಿ ಅದು ಅಪಾಯ. ಇನ್ನೊಂದ್ಸಲ ಹಿಡಿದ್ರೆ ಭಾನುವಾರ ಕೆರೆಗೆ ಇಳಿಸಲ್ಲ ಕಣೇ," ಎಂದಿದ್ದಾನೆ. ನಲವತ್ತಮೂರನೇ ವಯಸ್ಸಿನಲ್ಲಿ ಹುಟ್ಟಿದ ಆಸೆ ಅಷ್ಟಕ್ಕೇ ಮುಗಿದೀತೇ?

ಇವತ್ತು ಕುದುರೆಗಳಿಗೆ ಜೀನು ಹೊಲಿಯುವ ನೂರ್ ಅಹಮದ್ ಸಾಹೇಬರು ಚರ್ಮದ ಪಟ್ಟಿ ತಂದರು. ಜೀನು ಕಟ್ಟುವ ಅಭ್ಯಾಸ! ಸಿಲಿಂಡರು, ಹಲಗೆ, ನನ್ನ ಹೊಟ್ಟೆ, ಮೂರಕ್ಕೂ ಒಂದೇ ಪಟ್ಟಿ. ಬಕಲ್ಲನ್ನು ಬಿಗಿಯದೆ ಕೈಯಲ್ಲಿ ಹಿಡಿದು ಕಾದು ನಿಂತರು.

"ಯಾಕೆ ಸಾಬ್ರೇ?"

"ಉಸಿರು ಬುಡಿ ಅಮ್ಮಾ. ಕುದುರೇನೂ ಹಿಂಗೇ ಹೊಟ್ಟೆ ಉಬ್ಬಿಸ್ಕಂಡು ಮೋಸ ಮಾಡ್ತದೆ. ಅದು ಬುಡೋಗಂಟ ನಾವು ಕಾಯ್ತೀವಿ."

ರೇವಣ್ಣ ಬಿದ್ದು ಬಿದ್ದು ನಕ್ಕ. ಉಸಿರು ಹಿಡಿದಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಎಷ್ಟು ವರ್ಷದಿಂದ ಹೀಗೋ?

ಕಣ್ಣು ಮುಚ್ಚಿದರೆ ಕೆರೆಯೊಳಗಿನ ಹಸಿರು. ಮೇಲೆಲ್ಲೋ ಬಿಸಿಲು ಕರಗಿ ತೂಗುತ್ತಿದೆ. ಯಾರೂ ಕರೆಯುತ್ತಿಲ್ಲ. ನಾನು ಭಾರವಿಲ್ಲದೆ ನಿಂತಿದ್ದೇನೆ. ಉಸಿರು ಹಿಡಿದಾಗಲೆಲ್ಲ ಪಟ್ಟಿ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತದೆ. ನಾನು ಬಿಡುತ್ತೇನೆ, ಗುಳ್ಳೆಗಳು ಮೇಲಕ್ಕೆ ಹೋಗುತ್ತವೆ.

ಕಬ್ಬಿಣ ಗಟ್ಟಿ, ಒಪ್ಪುತ್ತೇನೆ. ಆದರೆ ನಾನು ಹೆದರಿ ಉಸಿರು ಹಿಡಿದದ್ದು ಅದಕ್ಕೆ ತಿಳಿಯುವುದಿಲ್ಲ. ಚರ್ಮದ್ದೇ ಇರಲಿ. ಒದ್ದೆಯಾದರೆ ಹಿಗ್ಗುತ್ತದಂತೆ, ನಾಳೆ ಬೆಳಿಗ್ಗೆಯೇ ನೆನೆಸಿ, ಇನ್ನೊಂದು ತೂತು ಬಿಗಿಮಾಡಿ, ಬಾವಿಗೆ ಇಳಿದು ಉಸಿರು ಬಿಡುವುದನ್ನು ಕಲಿಯಬೇಕು.