ಪಂಪನ್ನು ಕೆಳಗಿಳಿಸಿದವಳು ನಾನೇ

ಕಬಕ
೧೪-೯-೧೯೮೫, ಶನಿವಾರ

ದಮ್ಮಾಮಿನಲ್ಲಿರುವ ನನ್ನ ಯಜಮಾನರಿಗೆ ಝುಬೈದಾಳ ಸಲಾಂ.

ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಉಮ್ಮನ ಕಾಲಿನ ಬಾವು ಇಳಿದಿದೆ, ಪುತ್ತೂರಿನ ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ನಿಮ್ಮ ಹೊಟ್ಟೆನೋವು ಹೇಗಿದೆ? ಹೋಟೆಲಿನ ಖಾರ ಕಡಿಮೆ ಮಾಡಿ. ನಿಮ್ಮ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ತಪ್ಪು ತಿಳಿಯಬೇಡಿ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಒಲೆಗೆ ಹಾಕಿದೆ. ಮೂರರಲ್ಲಿ ಅತ್ತಿದ್ದೆ, ಒಂದರಲ್ಲಿ ಬೈದಿದ್ದೆ. ಇದು ಐದನೆಯದು. ಇದರಲ್ಲಿ ಅಳುವುದಿಲ್ಲ.

ಇಷ್ಟು ವರ್ಷ ಈ ಮನೆಯಿಂದ ನಿಮಗೆ ಬಂದ ಕಾಗದಗಳನ್ನೆಲ್ಲ ಬರೆದದ್ದು ನಿಮ್ಮ ಅಣ್ಣ ಪೋಕರಾಕ. ಅವುಗಳ ಕೊನೆಯಲ್ಲಿ "ಝುಬೈದಾ ಸಲಾಂ ಹೇಳಿದ್ದಾಳೆ" ಎಂದು ಇರುತ್ತಿತ್ತಲ್ಲ, ಅಷ್ಟೇ ನಾನು. ಅದನ್ನೂ ನಾನು ಹೇಳಿರುತ್ತಿರಲಿಲ್ಲ, ಅವರೇ ಬರೆದುಕೊಳ್ಳುತ್ತಿದ್ದರು. ನಾಲ್ಕು ಜನರ ಮುಂದೆ ನಾನು ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತು. ಐವರ್ನಾಡಿನ ಶಾಲೆಯಲ್ಲಿ ನನ್ನನ್ನು ಐದನೇ ಕ್ಲಾಸಿಗೆ ಬಿಡಿಸಿದ್ದೂ ಗೊತ್ತು. ಆದರೆ ಅಕ್ಷರ ಮರೆತಿಲ್ಲ.

ನಿಮ್ಮ ಕಾಗದವನ್ನು ಪೋಕರಾಕ ಜಗಲಿಯಲ್ಲಿ ಕುಳಿತು ಓದಿದರು. ಗಲ್ಫಿನ ಕಾಗದವೆಂದರೆ ನೆರೆಯವರೂ ಬರುತ್ತಾರಲ್ಲ, ಅವರೂ ಇದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ. "ಐದನೇ ಕ್ಲಾಸಿನವಳಿಗೆ ಮಿಷನಿನ ಕೆಲಸ ಎಂತಕ್ಕೆ? ಅವಳು ಮುಟ್ಟದಿದ್ದರೆ ಪಂಪು ಹಾಳಾಗುತ್ತಿರಲಿಲ್ಲ. ಇನ್ನು ಅವಳನ್ನು ಅದರ ಹತ್ತಿರ ಬಿಡಬೇಡಿ" ಎಂದು ನೀವು ಬರೆದದ್ದನ್ನು ಎರಡು ಸಲ ಓದಿದರು. ಎರಡನೆಯ ಸಲ ಓದಲು ಯಾರೂ ಹೇಳಿರಲಿಲ್ಲ.

ಪಂಪನ್ನು ನಾನು ಹಾಳು ಮಾಡಲಿಲ್ಲ. ಹಾಳು ಮಾಡಿದೆಯಾ ಎಂದು ನೀವು ನನ್ನನ್ನು ಕೇಳಲೂ ಇಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ನೀವು ಕೇಳದೆ ಇದ್ದದ್ದಕ್ಕೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ, ಆಮೇಲೆ ಹೇಳಿ.

ರಂಜಾನಿಗೆ ಮೊದಲು ಆದಂ ಕುಂಞಿ ರಜೆಯಲ್ಲಿ ಬರುವಾಗ ನೀವು ಅವರ ಕೈಯಲ್ಲಿ ಪೆಟ್ಟಿಗೆ ಕಳಿಸಿದಿರಿ. ಒಳಗೆ ಶವರು, ಎರಡು ಕಪ್ಪು ರಬ್ಬರ್ ಪೈಪು, ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಆ ಪಂಪು, ಜೊತೆಗೊಂದು ಸಣ್ಣ ಪುಸ್ತಕ. ಹೊಸ ಬಚ್ಚಲಿನ ಗೋಡೆಗೆ ತಾಗಿಸಿ ಪೋಕರಾಕ ಸಿಮೆಂಟಿನ ಟಾಂಕಿ ಕಟ್ಟಿಸಿದ್ದರು, ಸೊಂಟದಷ್ಟು ಎತ್ತರಕ್ಕೆ. ಅದಕ್ಕಿಂತ ಎತ್ತರವಾದರೆ ಬಾವಿಯಿಂದ ಕೊಡ ಹೊತ್ತು ತುಂಬಿಸುವ ನಾನು ಏಣಿ ಹತ್ತಬೇಕಿತ್ತು.

ಪಂಪು ಜೋಡಿಸಲು ಕರೆಂಟಿನ ಕೆಲಸದ ಸರ್ವೋತ್ತಮ ಬಂದ. ಪಂಪನ್ನು ಟಾಂಕಿಯ ಬುಡದಲ್ಲಿ ನೆಲಕ್ಕೆ ಕೂರಿಸಲು ಹೋದವನನ್ನು ಪೋಕರಾಕ ತಡೆದರು.

"ವಿಮಾನದಲ್ಲಿ ಬಂದ ಮಾಲು ಮಾರಾಯ ಅದು! ನೆಲದಲ್ಲಿ ಇಡುದಾ? ಬಂದವರಿಗೆ ಕಾಣುದು ಬೇಡವಾ?"

ಹಾಗೆ ಗೋಡೆಯ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ ಹಲಗೆ ಹೊಡೆಸಿ, ಅದರ ಮೇಲೆ ಪಂಪನ್ನು ಸ್ಕ್ರೂ ಹಾಕಿ ಕೂರಿಸಿದರು. ರೇಡಿಯೋಗೆ ಹೊಲಿದ ಹಾಗೆ ಉಮ್ಮ ಅದಕ್ಕೂ ಒಂದು ಲೇಸಿನ ಬಟ್ಟೆ ಹೊಲಿದರು. ಸರ್ವೋತ್ತಮ ಪಂಪಿನ ಬಾಯಿಗೆ ಒಂದು ತಂಬಿಗೆ ನೀರು ಹೊಯ್ದು ಸ್ವಿಚ್ಚು ಹಾಕಿದ. ನೀರು ಬಂತು. ಎಲ್ಲರಿಗೂ ಚಾ ಮಾಡಿದೆ.

ಮರುದಿನ ಬೆಳಿಗ್ಗೆ ಶಬ್ದ ಮಾತ್ರ ಬಂತು, ನೀರಿಲ್ಲ.

ಸರ್ವೋತ್ತಮ ಮೂರು ಸಲ ಬಂದ. ಮೊದಲ ಸಲ, "ವೋಲ್ಟೇಜು ಇಲ್ಲ ಪೋಕರಾಕ, ಸಂಜೆಗೆ ಇಲ್ಲಿಯ ಬಲ್ಬುಗಳು ಮಿಂಚುಹುಳದ ಹಾಗೆ ಉರಿಯುದು" ಎಂದ. ಬೆಳಿಗ್ಗೆಯೂ ನೀರು ಬರುವುದಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಎರಡನೆಯ ಸಲ, ಬಾವಿ ನೀರಿನ ಮಣ್ಣು ಶವರಿನ ತೂತುಗಳಿಗೆ ಕಟ್ಟಿದೆ ಎಂದ. ಅಷ್ಟೂ ತೂತುಗಳಿಗೆ ಸೂಜಿ ಹಾಕಿ ಬಿಡಿಸಿದವಳು ನಾನು. ಒಟ್ಟು ತೊಂಬತ್ತಾರು ಇವೆ. ಮೂರನೆಯ ಸಲ ವಯರು ಬಿಚ್ಚಿ ಕಟ್ಟಿ, "ಇದು ಅಲ್ಲಿಯ ಕರೆಂಟಿಗೆ ಮಾಡಿದ್ದು, ಇಲ್ಲಿಯದ್ದು ಇದಕ್ಕೆ ಹಿಡಿಸುದಿಲ್ಲ" ಎಂದ.

"ಅಲ್ಲಿಂದ ಬಂದ ಮನುಷ್ಯರಿಗೇ ಹಿಡಿಸುದಿಲ್ಲ, ಇನ್ನು ಮಿಷನಿಗೆ ಎಂತ ಹಿಡಿಸುದು" ಎಂದು ಪೋಕರಾಕ ನಕ್ಕರು.

ನಾನು ಒಂದು ವಿಷಯ ನೋಡಿದ್ದೆ. ಪ್ರತಿ ಸಲವೂ ಅವನು ಹೋಗುವ ಮೊದಲು ನೀರು ಬರುತ್ತಿತ್ತು, ಪ್ರತಿ ಸಲವೂ ಮರುದಿನ ನಿಲ್ಲುತ್ತಿತ್ತು. ಏಕೆಂದರೆ ಅವನು ಸ್ವಿಚ್ಚು ಹಾಕುವ ಮೊದಲು ಪಂಪಿನ ಬಾಯಿಗೆ ತಂಬಿಗೆ ನೀರು ಹೊಯ್ಯುತ್ತಿದ್ದ. ಪಂಪು ನಿಂತ ಮೇಲೆ ಆ ನೀರು ಪೈಪಿನಲ್ಲಿ ಇಳಿದು ಟಾಂಕಿಗೇ ವಾಪಸು ಹೋಗುತ್ತಿತ್ತು. ಇದು ತಿಳಿಯಲು ಕಾಲೇಜು ಬೇಡ. ತವರಿನಲ್ಲಿ ನನ್ನ ಉಪ್ಪನ ಅಂಗಡಿಯಲ್ಲಿ ಡ್ರಮ್ಮಿನಿಂದ ಸೀಮೆಎಣ್ಣೆ ಎಳೆಯಲು ಒಂದು ಟ್ಯೂಬು ಇತ್ತು. ಎಂಟು ವರ್ಷದವಳಿರುವಾಗಲೇ ನಾನು ಅದನ್ನು ಹಿಡಿದವಳು. ಟ್ಯೂಬಿನ ತುದಿ ಡ್ರಮ್ಮಿನ ಎಣ್ಣೆಗಿಂತ ಕೆಳಗಿರುವಷ್ಟು ಹೊತ್ತು ಎಣ್ಣೆ ತಾನಾಗಿ ಬರುತ್ತದೆ. ತುದಿಯನ್ನು ಮೇಲೆತ್ತಿದರೆ ಎಲ್ಲ ಹಿಂದಕ್ಕೆ ಹೋಗುತ್ತದೆ, ಬಾಯಿಗೆ ಗಾಳಿ ಮತ್ತು ವಾಸನೆ. ಪೆಟ್ಟಿಗೆಯ ಪುಸ್ತಕ ತೆಗೆದು ನೋಡಿದೆ. ಇಂಗ್ಲಿಷು ನನಗೆ ಬರುವುದಿಲ್ಲ, ಚಿತ್ರ ಕಾಣುತ್ತದೆ. ಚಿತ್ರದಲ್ಲಿ ಟಾಂಕಿ ಮೇಲೆ, ಪಂಪು ಕೆಳಗೆ.

ಅಷ್ಟು ಧೈರ್ಯ ಎಲ್ಲಿಂದ ಬಂತೋ, ಆ ಮೂರನೆಯ ಸಲ ಸರ್ವೋತ್ತಮ ಕೆಲಸ ಮಾಡುತ್ತಿರುವಾಗ ಬಾಗಿಲ ಹಿಂದೆಯೇ ನಿಂತು, "ಪಂಪು ಟಾಂಕಿಗಿಂತ ಕೆಳಗಿರಬೇಕೋ ಏನೋ" ಎಂದೆ.

"ಓ, ಇಂಜಿನಿಯರಮ್ಮ ಬಂದರು!" ಎಂದರು ಪೋಕರಾಕ. "ಐವರ್ನಾಡಿನಲ್ಲಿ ಕಾಲೇಜು ಆದದ್ದು ಯಾವಾಗ?"

ಸರ್ವೋತ್ತಮ ನಗುತ್ತಾ ನಗುತ್ತಾ ಸ್ಕ್ರೂ ಬೀಳಿಸಿದ. ನಾನು ಒಳಗೆ ಬಂದೆ.

ಜುಲೈಯ ಒಂದು ಶುಕ್ರವಾರ ಪೋಕರಾಕ ಮಸೀದಿಗೆ ಹೋದವರು ಅಲ್ಲಿಂದಲೇ ಅಂಗಡಿಯ ಮಾಲಿಗೆಂದು ಮಂಗಳೂರಿಗೆ ಹೋದರು. ನಾನು ಉಮ್ಮನನ್ನು ಕರೆದೆ. "ಬಿದ್ದರೆ ಅವನು ನಮ್ಮಿಬ್ಬರನ್ನೂ ಕೊಲ್ಲುತ್ತಾನೆ ಮೋಳೆ, ನನ್ನ ಮಗಳೇ" ಎಂದರು, ಆದರೂ ಸ್ಟೂಲಿನ ಮೇಲೆ ಕುಳಿತು ಮಡಿಲು ಕೊಟ್ಟರು. ಮೀನು ಕೊಯ್ಯುವ ಚೂರಿಯ ತುದಿಯಿಂದ ಸ್ಕ್ರೂ ತೆಗೆದು ಪಂಪನ್ನು ಮಡಿಲಿಗಿಟ್ಟೆ, ಅಲ್ಲಿಂದ ನೆಲಕ್ಕೆ ಇಳಿಸಿದೆ. ರಬ್ಬರ್ ಪೈಪು ಧಾರಾಳ ಸಾಕಾಯಿತು. ಟಾಂಕಿಯ ನೀರು ತಾನಾಗಿಯೇ ಪಂಪಿಗೆ ತುಂಬಿಕೊಂಡಿತು. ಜಗಲಿಗೆ ಓಡಿ ಸ್ವಿಚ್ಚು ಹಾಕಿ ಬಂದೆ. ಶವರು ಒಂದು ಸಲ ಉಸಿರು ಬಿಟ್ಟು ಜೋರಾಗಿ ಸುರಿಯಿತು. ಉಮ್ಮ ಉಟ್ಟ ಬಟ್ಟೆಯಲ್ಲೇ ಅದರಡಿ ಸಿಕ್ಕಿಬಿದ್ದರು.

"ಯಾ ಅಲ್ಲಾ, ಇದು ನೀರಲ್ಲ ಮೋಳೆ, ಪೆಟ್ಟು!" ಎಂದು ಕೂಗಿ ನಕ್ಕರು. ಉಮ್ಮ ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ನಾಲ್ಕು ದಿನ, ತಂಬಿಗೆಯ ನೀರಿಲ್ಲದೆ, ಬೆಳಿಗ್ಗೆಯೂ ಸಂಜೆಯೂ ನೀರು ಬಂತು.

ಪೋಕರಾಕ ಮಂಗಳವಾರ ಬಂದರು, ಜೊತೆಗೆ ಮೂವರು ಸ್ನೇಹಿತರು. "ಇದನ್ನು ಕಾಲು ತೊಳೆಯುವ ಜಾಗದಲ್ಲಿ ಹಾಕಿದ್ದು ಯಾರು?" ಎಂದು ಕೇಳಿದರು. ಉಮ್ಮ ವೀಳ್ಯದ ಪೆಟ್ಟಿಗೆಯಲ್ಲಿ ಏನೋ ಹುಡುಕತೊಡಗಿದರು. ನಾನೇ ಎಂದೆ. ಸ್ನೇಹಿತರ ಮುಂದೆ ಬೈದು, ತಾವೇ ಅದನ್ನು ಮತ್ತೆ ಹಲಗೆಗೆ ಏರಿಸಿ ಸ್ವಿಚ್ಚು ಹಾಕಿದರು. ನೀರು ಬರಲಿಲ್ಲ. "ಬರುತ್ತದೆ, ಬರುತ್ತದೆ, ದೂರದಿಂದ ಬಂದದ್ದಲ್ಲವಾ, ಸ್ವಲ್ಪ ಹೊತ್ತು ಬೇಕು" ಎಂದು ಓಡುವ ಹಾಗೆಯೇ ಬಿಟ್ಟು ಜಗಲಿಯಲ್ಲಿ ಮಾತಿಗೆ ಕುಳಿತರು. ನೀರಿಲ್ಲದ ಪಂಪಿನ ಶಬ್ದ ಒಳಗೆ ನನಗೆ ಕೇಳುತ್ತಿತ್ತು. ಸ್ವಿಚ್ಚು ಇರುವುದು ಜಗಲಿಯ ಗೋಡೆಯಲ್ಲಿ. ಅಲ್ಲಿ ಗಂಡಸರು ಕುಳಿತಿದ್ದರು. ನಾನು ಹೋಗಲಿಲ್ಲ. ಒಂದು ಗಂಟೆಯ ಮೇಲೆ ರಬ್ಬರು ಸುಟ್ಟ ವಾಸನೆ ಬಂತು, ಶಬ್ದ ನಿಂತಿತು.

ಹೋಗಿ ಸ್ವಿಚ್ಚು ತೆಗೆಯಲಿಲ್ಲವಲ್ಲ, ನನ್ನ ತಪ್ಪು ಅಷ್ಟೇ. ಅದಕ್ಕೆ ನನ್ನ ಮೇಲೆಯೇ ನನಗೆ ಈಗಲೂ ಸಿಟ್ಟು ಇದೆ. ಪೋಕರಾಕ ನಿಮಗೆ ಕಾಗದ ಬರೆದದ್ದು ಅದೇ ಸಂಜೆ.

ಹೋದ ವಾರ ಉಮ್ಮನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದ ಕಾರಿನಲ್ಲೇ ಪಂಪನ್ನೂ ಪುತ್ತೂರಿಗೆ ಕೊಂಡುಹೋದರು. ಮೋಟಾರು ರಿಪೇರಿಯ ಬೋಜಪ್ಪ ಅಂಗಡಿಯ ಹೊರಗೇ ಅದನ್ನು ಬಿಚ್ಚಿದ. ಕಾರಿನಲ್ಲಿದ್ದ ನಮಗೆ ಎಲ್ಲ ಕೇಳುತ್ತಿತ್ತು.

"ಇದು ನೀರಿಲ್ಲದೆ ಓಡಿದ್ದು. ಎಲ್ಲಿ ಇಟ್ಟಿದ್ರಿ?"

"ಮೇಲೆ, ಹಲಗೆಯಲ್ಲಿ."

"ಟಾಂಕಿ?"

"ಅದು ಕೆಳಗೆ."

"ಎಂತ ಪೋಕರಾಕ, ನೀರು ಮೆಟ್ಟಿಲು ಹತ್ತಿ ಬಂದು ಇದಕ್ಕೆ ಸಲಾಂ ಹೊಡಿಬೇಕಾ? ನಿಮ್ಮ ಮನೆಯಲ್ಲಿ ಇದನ್ನು ಹೇಳುವವರು ಯಾರೂ ಇರ್ಲಿಲ್ವಾ?"

ಉಮ್ಮ ನನ್ನ ಕೈ ಹಿಡಿದು ಒತ್ತಿದರು. ಕೈ ಒತ್ತಿದರೆ ಆಯಿತೇ? ಕಾರಿನಿಂದ ತಲೆ ಹೊರಹಾಕಿ ಉಮ್ಮ ಒಂದು ಮಾತು ಹೇಳಬಹುದಿತ್ತು. ಬೋಜಪ್ಪ ಸರಿಮಾಡಿಕೊಟ್ಟ ಪಂಪು ಈಗ ನೆಲದಲ್ಲಿದೆ, ನೀರು ಬರುತ್ತಿದೆ. ಬಂದವರಿಗೆಲ್ಲ ಪೋಕರಾಕ, "ಕೆಳಗೆ ಇಡಬೇಕಂತೆ, ಬೋಜಪ್ಪ ಹೇಳಿದ" ಎನ್ನುತ್ತಾರೆ. ನಿಮ್ಮ ಕಾಗದ ಓದುವಾಗ ಇದ್ದ ನೆರೆಯವರ ಲೆಕ್ಕದಲ್ಲಿ ಪಂಪು ಸುಟ್ಟವಳು ಇನ್ನೂ ನಾನೇ.

ಆದ್ದರಿಂದ ಮುಂದಿನ ಕಾಗದವನ್ನು ನನ್ನ ಹೆಸರಿಗೆ ಹಾಕಿ. ಅದರಲ್ಲಿ, ಝುಬೈದಾಳನ್ನು ಕೇಳದೆ ಬರೆದದ್ದು ನನ್ನ ತಪ್ಪು ಎಂದು ಬರೆಯಿರಿ. ಅದನ್ನು ಜಗಲಿಯಲ್ಲಿ ನಾನೇ ಓದುತ್ತೇನೆ. ಧ್ವನಿ ನಡುಗಿದರೂ ಓದುತ್ತೇನೆ. ಬೇಕಾದರೆ ಎರಡು ಸಲ.

ನಿಮ್ಮ ಮೇಲೆ ಸಿಟ್ಟಿದೆ ಎಂದು ದುಆ ಮಾಡುವುದನ್ನು ಬಿಟ್ಟಿಲ್ಲ. ಐದು ಹೊತ್ತೂ ನಿಮ್ಮ ಹೆಸರು ಹೇಳುತ್ತೇನೆ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ. ಅಲ್ಲಾಹು ನಿಮ್ಮನ್ನು ಕಾಯಲಿ.

ಝುಬೈದಾ

ಮತ್ತೆ ಬರೆಯುವುದು: ಕಾಗದ ಮಡಚಿ ಇಟ್ಟಿದ್ದೆ. ಅಂಚೆಗೆ ಹಾಕಲು ಕೊಂಡುಹೋಗುತ್ತೇನೆಂದು ಆದಂ ಕುಂಞಿಯವರ ಹೆಂಡತಿ ಸಾರಮ್ಮ ಬಂದಳು. ಶವರು ತೋರಿಸು ಎಂದಳು, ತೋರಿಸಿದೆ. "ಪಾಪ ನಿನ್ನ ಗಂಡ, ಡಿಸೆಂಬರಿನ ರಜೆ ಬೇಡವೆಂದು ಕಂಪೆನಿಗೆ ಬರೆದುಕೊಟ್ಟು, ಅದರ ಬದಲಿಗೆ ಸಿಕ್ಕಿದ ಹಣದಲ್ಲಿ ಇದನ್ನೂ ಬಚ್ಚಲನ್ನೂ ಮಾಡಿಸಿದ್ದಲ್ಲವಾ? ಇನ್ನು ಬರುದು ಎರಡು ವರ್ಷ ಕಳೆದೇ ಅಂತೆ" ಎಂದಳು. ನನ್ನ ಮುಖ ನೋಡಿ ಬಾಯಿಗೆ ಕೈ ಇಟ್ಟಳು. "ನಿನಗೆ ಹೇಳಬಾರದು ಎಂದು ಇವರು ಹೇಳಿದ್ದರು ಮಾರಾಯ್ತಿ."

ಉಮ್ಮನನ್ನು ಕೇಳಿದೆ. ಉಮ್ಮನಿಗೆ ಗೊತ್ತಿತ್ತು. ಪೋಕರಾಕನಿಗೂ ಗೊತ್ತಿತ್ತು.

ಮದುವೆಯಾಗಿ ನಾಲ್ಕು ವರ್ಷ ಎಂಟು ತಿಂಗಳು. ಅದರಲ್ಲಿ ನೀವು ಈ ಮನೆಯಲ್ಲಿ ಇದ್ದದ್ದು ಎಪ್ಪತ್ತೊಂದು ದಿನ. ಇನ್ನೂ ಮಕ್ಕಳಿಲ್ಲವಾ ಎಂದು ಕೇಳುವವರು ನನ್ನ ಹೊಟ್ಟೆಯನ್ನು ನೋಡುತ್ತಾರೆ, ಕ್ಯಾಲೆಂಡರನ್ನು ನೋಡುವುದಿಲ್ಲ.

ನಾನು ಕೊಡ ಹೊರುವುದು ತಪ್ಪಲಿ ಎಂದು ಮಾಡಿದ್ದು ಎನ್ನುತ್ತೀರೇನೋ. ತಪ್ಪಲಿಲ್ಲ. ಶವರಿಗೆ ಎರಡರಷ್ಟು ನೀರು ಬೇಕು, ಟಾಂಕಿ ತುಂಬಿಸುವವಳು ನಾನೇ. ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ: ನೀರು ನಾನು ಹೊರುತ್ತೇನೆ, ನೀವು ಬನ್ನಿ.