ಬೆಟ್ಟವನ್ನು ಕೇಳದೆ ಊರಿದ ಕಾಳು

ಆಲ್ತಾ ವೆರಾಪಾಸ್, ಗ್ವಾಟೆಮಾಲಾ
ಏಪ್ರಿಲ್ ೨೨

ಪ್ರೀತಿಯ ಅಪ್ಪನಿಗೆ,

ನಮ್ಮ ಹಕ್ಕುಪತ್ರ ಬಂತು! ಅಂತರ್ಯುದ್ಧ ಮುಗಿದು ಶಾಂತಿ ಒಪ್ಪಂದವಾದ ಮೇಲೆ ಹನ್ನೊಂದು ವರ್ಷ ಕಚೇರಿ ಅಲೆದದ್ದಕ್ಕೆ ಹೊಳೆಯಾಚೆಯ ಇಳಿಜಾರು ಮತ್ತೆ ನಮ್ಮ ಊರಿನದಾಯಿತು. ಶಾಲೆ ಬಿಟ್ಟವಳೆಂದು ಬೈಯುತ್ತಿದ್ದವರೇ ನನ್ನಿಂದ ಅದನ್ನು ಮೂರು ಸಲ ಓದಿಸಿ ಕುಣಿದರು.

ಒಂದು ತಪ್ಪು ಮಾಡಿದ್ದೇನೆ, ನಾನೇ ಹೇಳಿಬಿಡುತ್ತೇನೆ. ಖುಷಿ ತಡೆಯಲಾರದೆ ಓಡಿಹೋಗಿ ನಮ್ಮ ಪಾಲಿನ ಜಾಗದಲ್ಲಿ ಇಪ್ಪತ್ತು ಮೆಕ್ಕೆಜೋಳದ ಕಾಳು ಊರಿದೆ. ಬಂದು ಅಜ್ಜಿಗೆ ಹೇಳಿದೆ.

"ಸರ್ಕಾರ ಒಪ್ಪಿತು ಸರಿ ಕಣೇ, ಬೆಟ್ಟವನ್ನ ಯಾರು ಕೇಳಿದ್ರು? ಬೆಟ್ಟದ ದೇವರಿಗೆ ಧೂಪ ಹಾಕಿಲ್ಲ, ಕೋಕೋ ಎರೆದಿಲ್ಲ. ಹೋಗು, ಒಂದೊಂದೂ ಹೆಕ್ಕಿ ತಾ!"

"ಮಣ್ಣೊಳಗೆ ಹೇಗೆ ಹುಡುಕ್ಲಿ ಅಜ್ಜಿ?"

"ಊರೋವಾಗ ಕಣ್ಣಿತ್ತಲ್ಲ, ಅದರಲ್ಲೇ."

ಹತ್ತೊಂಬತ್ತು ಸಿಕ್ಕವು. ಇನ್ನೊಂದು ಸಿಗಲೇ ಇಲ್ಲ. ಅಜ್ಜಿ ನಕ್ಕುಬಿಟ್ಟಳು. "ಅದನ್ನ ಬೆಟ್ಟ ಇಟ್ಕೊಂಡಿದೆ. ನಿಮ್ಮಪ್ಪನ್ನ ಕರೆಸು. ಅಪ್ಪಣೆ ಕೇಳ್ಬೇಕಾದವನು ಅವನು."

ದಣಿಯ ಕಾಫಿ ತೋಟದ ಮೇಸ್ತ್ರಿಯ ಹತ್ತಿರ ರಜೆ ಕೇಳಬೇಡ. ಕೆಲಸ ಬಿಟ್ಟೆ ಎಂದು ಹೇಳಿ, ಕಂಬಳಿ, ಮಚ್ಚು ಎಲ್ಲ ಕಟ್ಟಿಕೊಂಡು ಬಾ. ಪೇಟೆಯಲ್ಲಿ ಎರಡು ಕಟ್ಟು ಧೂಪ ತೆಗೆದುಕೋ. ಇನ್ನು ಆರು ದಿನಕ್ಕೆ ಆ ಕಾಳು ಮೊಳೆಯುತ್ತದೆ. ಅಷ್ಟರೊಳಗೆ ನೀನು ನಮ್ಮ ನೆಲದ ಮೇಲಿರಬೇಕು.

ನಿನ್ನ ಆತುರಗೇಡಿ ಮಗಳು,
ಎರ್ಲಿಂದಾ